ಅವಗ ಹೇಳು

“ಅವಗ ಚಳಿ ಹತ್ಯಾದೇನು ಕೇಳು, ತಂಗಿ.”

ಗೊಲ್ಲಾಳಪ್ಪ ಹೊಸ್ತಿಲಾಚೆ ನಿಂತು ಕೇಳಿದ. ಒಳಗೆ ಹೊರಸಿನ ಮೇಲೆ ಅವನ ತಮ್ಮ ಅಮೃತಪ್ಪ ನಡುಮಧ್ಯಾಹ್ನದ ಬಿಸಿಲಲ್ಲೂ ಎರಡು ಕೌದಿ ಹೊದ್ದು ಮಲಗಿದ್ದ. ಅಣ್ಣತಮ್ಮಂದಿರ ನಡುವೆ ಮಾತು ನಿಂತುಹೋಗಿತ್ತು. ಏನಿದ್ದರೂ ಅಮೃತಪ್ಪನ ಹೆಂಡತಿ ನಾಗರತ್ನಾಳ ಮೂಲಕವೇ ಹೋಗಬೇಕು, ಬರಬೇಕು.

“ಹತ್ತಿಲ್ಲಂತ ಹೇಳು ನಿಮ್ಮ ಭಾವಗ,” ಕೌದಿಯೊಳಗಿಂದ ಬಂತು.

“ಹಲ್ಲು ಕಟಕಟ ಅನ್ನೂದು ರೋಡಿನ ತನಕ ಕೇಳಲಿಕತ್ತದ ಅಂತ ಹೇಳು.”

ಹೋದ ವರ್ಷ ಶಹಾಬಾದಿನ ಪಾಲಿಶ್ ಘಟಕದಲ್ಲಿ ಫರಸಿ ಕಲ್ಲು ಇಳಿಸುವಾಗ ಒಂದು ಜಾರಿ ಅಮೃತಪ್ಪನ ಎಡಪಕ್ಕೆಗೆ ಬಡಿದಿತ್ತು. ಒಳಗೆ ಗುಲ್ಮ ಒಡೆದಿತ್ತು. ಅದನ್ನು ತೆಗೆದುಹಾಕಿಯೇ ಜೀವ ಉಳಿಸಿದ್ದರು. “ಕುರಿಯದಕ್ಕೆ ತಿಲ್ಲಿ ಅಂತೀರಲ್ಲ, ಅದೇ ಇದು. ಅದಿಲ್ಲದವರಿಗೆ ಜ್ವರ ಬಂದರೆ ಕಾಯುವಂತಿಲ್ಲ. ನಾಯಿ ಹಲ್ಲು ಗೀರಿದರೂ ಅಪಾಯ,” ಎಂದು ಡಾಕ್ಟರು ಹೇಳುವಾಗ ಅಮೃತಪ್ಪ ಕಿಟಕಿಯಾಚೆ ನೋಡುತ್ತಿದ್ದ. ಕೇಳಿಸಿಕೊಂಡದ್ದು ಗೊಲ್ಲಾಳಪ್ಪ. ಮನೆಗೆ ಬಂದವನೇ ತಮ್ಮನ ನಾಯಿ ಕಾಳ್ಯಾನನ್ನು ತೆಂಗಳಿಯ ಬೀಗರ ಕುರಿಹಟ್ಟಿಗೆ ಬಿಟ್ಟುಬಂದ. ಕಾಳ್ಯಾ ಆಟಕ್ಕೆಂದು ಅಮೃತಪ್ಪನ ಕೈಯನ್ನು ಬಾಯಲ್ಲಿ ಹಿಡಿಯುತ್ತಿತ್ತು. ಅಂದೇ ಮಾತು ನಿಂತದ್ದು. ಆದರೂ ಗೊಲ್ಲಾಳಪ್ಪ ದಿನಾ ಕೆಲಸಕ್ಕೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಹೊಸ್ತಿಲಿಗೆ ಬಂದು ತಮ್ಮನ ಮುಖ ನೋಡಿ ಹೋಗುತ್ತಿದ್ದ. ತಮ್ಮನ ಹೆಂಡತಿಯ ಕೋಣೆಯೆಂದು ಒಳಗೆ ಕಾಲಿಡುತ್ತಿರಲಿಲ್ಲ.

“ಗುಳಗಿ ತಗೊಂಡಾರ, ಭಾವಾರ,” ಎಂದಳು ನಾಗರತ್ನಾ. “ಜ್ವರ ಬಂದ ಕೂಡಲೇ ನುಂಗಂತ ಕೊಟ್ಟಿದ್ದರಲ್ಲ, ಅದು.”

“ತಗೊಂಡೀನಿ, ಸಂಜಿಕಿ ಇಳೀತದ, ಮಲಗಲಿಕ್ಕ ಬಿಡು ಅಂತ ಹೇಳು,” ಎಂದ ಅಮೃತಪ್ಪ.

“ಆ ಗುಳಗಿ ದಾರಿಗಂತ ಕೊಟ್ಟದ್ದು, ಮಲಗಲಿಕ್ಕಲ್ಲ ಅಂತ ಹೇಳು. ದವಾಖಾನಿ ಮುಟ್ಟೋ ತನಕ ಅಷ್ಟೇ.”

ನಾಗರತ್ನಾ ಹೊರಸಿನ ಹತ್ತಿರ ಬಂದಳು. ಮೊನ್ನೆ ಕಾಳಗಿ ಸಂತೆಗೆಂದು ಹೋದ ಗಂಡ ಹೆಬ್ಬೆರಳ ಬುಡಕ್ಕೆ ಅರಿಷಿಣ ಮೆತ್ತಿಕೊಂಡು ಬಂದಿದ್ದ. ಅವಳ ಕಣ್ಣು ಅಂದಿನಿಂದ ಅಲ್ಲೇ ಇತ್ತು. ಈಗ ಕೌದಿ ಸರಿಸಿ ಆ ಕೈಯನ್ನು ಎತ್ತಿ ಹೊಸ್ತಿಲ ಕಡೆ ತೋರಿಸಿದಳು.

“ಜಾಲಿಮುಳ್ಳು ಅಂತಾರ, ಭಾವಾರ. ನಂಗ ಹಲ್ಲು ನಟ್ಟಂಗ ಕಾಣ್ತದ.”

ಗೊಲ್ಲಾಳಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ಕೈ ತಿರುಗಿಸಿ ನೋಡಿದ.

“ತೆಂಗಳಿಗಿ ಹೋಗಿದ್ದನೇನು ಕೇಳು.”

ಅಮೃತಪ್ಪ ಗೋಡೆಯ ಕಡೆ ಹೊರಳಿದ. ಇನ್ನು ಬೈಗುಳ ಬರುತ್ತದೆಂದು ನಾಗರತ್ನಾ ತಲೆ ತಗ್ಗಿಸಿದಳು. ಬರಲಿಲ್ಲ. ಗೊಲ್ಲಾಳಪ್ಪ ಬಗ್ಗಿ, ಕೌದಿ ಸಮೇತ ತಮ್ಮನನ್ನು ಹೆಗಲಿಗೆ ಹಾಕಿಕೊಂಡ. ಪಕ್ಕದ ಮನೆಯ ತಾಹಿರನಿಗೆ ಟಂಟಂ ಆಟೋ ತೆಗೆಯಲು ಕೂಗುತ್ತಲೇ ಹೊರಗೆ ನಡೆದ.

“ನಾ ಏನು ಫರಸಿನಾ, ಇಳಸಂತ ಹೇಳು,” ಎಂದ ಹೆಗಲ ಮೇಲಿನವನು.

“ಫರಸಿ ಮಾತಾಡಂಗಿಲ್ಲ ಅಂತ ಹೇಳು. ಇವನಕಿಂತ ಅದೇ ಚಲೋ.”

ಕಲಬುರಗಿಯ ದವಾಖಾನೆಯಲ್ಲಿ ನರ್ಸ್ ಹೆಸರು ಕೇಳಿದಳು. ಗೊಲ್ಲಾಳಪ್ಪ ಹೆಸರು ಹೇಳಲಿಲ್ಲ. “ಇವಗ ತಿಲ್ಲಿ ಇಲ್ರಿ, ತೆಗದಾರ. ಚಳಿಜ್ವರ ಬಂದದ. ನಾಯಿ ಹಲ್ಲು ತಾಗ್ಯಾದ. ಒಂದು ಗುಳಗಿ ನುಂಗ್ಯಾನ,” ಎಂದು ಒಂದೇ ಉಸಿರಿಗೆ ಒಪ್ಪಿಸಿದ. ದಾರಿಯುದ್ದಕ್ಕೂ ಅವನ ತುಟಿ ಅಲ್ಲಾಡುತ್ತಿದ್ದುದನ್ನು ನಾಗರತ್ನಾ ನೋಡಿದ್ದಳು, ದೇವರ ಹೆಸರು ಹೇಳುತ್ತಿದ್ದಾನೆ ಅಂದುಕೊಂಡಿದ್ದಳು. ನರ್ಸ್ ಪೆನ್ನು ಅಲ್ಲೇ ಬಿಟ್ಟು ಡಾಕ್ಟರನ್ನು ಕರೆಯಲು ಓಡಿದಳು. ಮತ್ತೆ ಹೆಸರು ಕೇಳುವ ಹೊತ್ತಿಗೆ ಅಮೃತಪ್ಪನ ನರಕ್ಕೆ ಔಷಧಿ ಇಳಿಯುತ್ತಿತ್ತು.

ಅವನ ಬಿ.ಪಿ. ಒಮ್ಮೆ ಕುಸಿಯಿತು. ಡಾಕ್ಟರು, ನರ್ಸ್ ಬಹಳ ಹೊತ್ತು ಮಂಚದ ಹತ್ತಿರವೇ ಇದ್ದರು. ಆಮೇಲೆ ನಿಧಾನವಾಗಿ ಏರಿತು. ನಾಯಿ ಕಚ್ಚಿದ್ದಕ್ಕೆ ಬೇರೆ ಸೂಜಿಯನ್ನೂ ಹಾಕಿದರು. ಮರುದಿನ ಸಂಜೆ ಅಮೃತಪ್ಪ ಕಣ್ಣು ಬಿಟ್ಟು ನೀರು ಕೇಳಿದ. “ಜ್ವರ ತಾನೇ ಇಳಿಯುತ್ತೆ ಅಂತ ಮನೆಯಲ್ಲೇ ಮಲಗಿಸಿದ್ದರೆ…” ಎಂದ ಡಾಕ್ಟರು ಮಾತು ಮುಗಿಸದೆ ಗೊಲ್ಲಾಳಪ್ಪನ ಭುಜ ತಟ್ಟಿ ಮುಂದಿನ ಮಂಚಕ್ಕೆ ಹೋದರು.

ನಾಗರತ್ನಾ ಚಹಾ ತರಲು ಹೋದಳು. ಕಪ್ಪುಗಳನ್ನು ಹಿಡಿದು ವಾಪಸು ಬಂದಾಗ ಒಳಗೆ ಮಾತು ಕೇಳಿಸಿತು. ಗೊಲ್ಲಾಳಪ್ಪ ತಮ್ಮನಿಗೆ ಬೆನ್ನು ಮಾಡಿ ಕೂತು, ಸಲೈನ್ ಬಾಟಲಿ ತೂಗುಹಾಕಿದ ಕಂಬವನ್ನು ನೋಡುತ್ತಿದ್ದ.

“ಅವಗ ಹೇಳು, ಕಾಳ್ಯಾನ ನೋಡಬೇಕನಿಸಿದ್ರ ನಾನೇ ಕರಕೊಂಡು ಹೋಗ್ತೀನಿ. ಇವ ಬೇಲಿ ಹೊರಗ ನಿಂದ್ರಬೇಕು.”

ಅಮೃತಪ್ಪ ಕಣ್ಣು ತೆರೆಯದೆ ಅದೇ ಕಂಬಕ್ಕೆ ಉತ್ತರ ಕೊಟ್ಟ.

“ಅಣ್ಣಗ ಹೇಳು, ಬೇಲಿ ಜಾಲಿದು ಬ್ಯಾಡ. ಮುಳ್ಳು ಚುಚ್ತದ.”

ನಾಗರತ್ನಾ ಬಾಗಿಲಲ್ಲೇ ನಿಂತಳು. ತಾನು ಒಳಗೆ ಕಾಲಿಟ್ಟರೆ ಇಬ್ಬರೂ ಮತ್ತೆ ತನಗೇ ಹೇಳಲು ಶುರು ಮಾಡುತ್ತಾರೆ. ಕೈಯಲ್ಲಿ ಚಹಾ ಆರುತ್ತಿತ್ತು. ಆರಲಿ ಎಂದುಕೊಂಡಳು.