ನೀಲಿ ಅಳಿದ ಮೇಲೆ

ಕ್ಷಯ ರೋಗಿಗಳ ಉಸಿರು ನೀಲಿಯಾಗಿ ಕಾಣುವುದು ಈಗ ಯಾರಿಗೂ ಹೊಸದಲ್ಲ. ಎರಡು ತಿಂಗಳ ಔಷಧಿಗೆ ನೇಕಾರ ಈರಪ್ಪನ ನೀಲಿ ಅಳಿದು, ಓಣಿಯವರು ಮತ್ತೆ ಮಾತಾಡಿಸುತ್ತಿದ್ದರು.

"ಬಣ್ಣ ಹೋತಲ್ರೀ ಅಕ್ಕಾರ, ಇನ್ಯಾಕ್ರೀ ಗುಳಿಗಿ?" ಎಂದ.

ಆಶಾ ಕಾರ್ಯಕರ್ತೆ ಕಸ್ತೂರೆವ್ವನಿಗೆ ಅಂದು ಇದು ಐದನೆಯ ಮನೆ. ಆರು ತಿಂಗಳು ನುಂಗಲೇಬೇಕೆಂಬ ಚಿತ್ರಪುಸ್ತಕದ ಪುಟ ತೆರೆಯಲೂ ಆಗದಷ್ಟು ಅವಳು ದಣಿದಿದ್ದಳು.

"ನನ್ನ ತಂಗೀನೂ ಹಿಂಗ ಬಿಟ್ಲು ತಮ್ಮಾ. ಮತ್ತ ನೀಲಿ ಬಂತು. ಆಗ ಯಾವ ಗುಳಿಗೀನೂ ನಾಟಲಿಲ್ಲ. ಆಕಿ ಉಳೀಲಿಲ್ಲ."

ಈರಪ್ಪ ಗುಳಿಗೆ ನುಂಗಿದ.

ಆರು ತಿಂಗಳು ಮುಗಿಸಿದ ಮೇಲೆ ಒಂದು ಬೆಳಿಗ್ಗೆ ತಾನಾಗಿಯೇ ಕಸ್ತೂರೆವ್ವನ ಜೊತೆ ಮನೆಭೇಟಿಗೆ ಹೊರಟ. ಒಂದು ಮನೆಯಲ್ಲಿ, ಆಗಷ್ಟೇ ನೀಲಿ ಅಳಿದಿದ್ದ ರೋಗಿಯೊಬ್ಬಳು ಇನ್ನೂ ಗುಳಿಗೆ ಯಾಕೆಂದು ಕೇಳಿದಾಗ, "ನೀವು ಕುಂದರ್ರಿ ಅಕ್ಕಾರ, ನಾ ಹೇಳ್ತೀನಿ" ಎಂದ.

ಕಸ್ತೂರೆವ್ವ ಕಟ್ಟೆಯ ಮೇಲೆ ಕುಳಿತು, ಆ ಮನೆಯವರು ಕೊಟ್ಟ ನೀರನ್ನು ನಿಧಾನವಾಗಿ ಕುಡಿದಳು.