ಪೋಸ್ಟರಿಗೆ ಬೇಯಿಸಿದ ಅಂಟು

ಮೊಮ್ಮಗಳ ಸ್ಕೂಲ್ ಪ್ರಾಜೆಕ್ಟಿಗೆಂದು ಮೈದಾ ಅಂಟು ಕುದಿಸಿದಾಗಲೆಲ್ಲ, ಆ ಹಸಿ ವಾಸನೆಗೆ ಮದ್ರಾಸಿನ ಟಿ. ನಗರದ ನಮ್ಮ ಹೋಟೆಲಿನ ಅಡುಗೆಮನೆ ಕಣ್ಣಮುಂದೆ ಬರುತ್ತದೆ.

ಕಾರ್ಪೊರೇಷನ್ ಎಲೆಕ್ಷನ್ ಹತ್ತಿರವಿತ್ತು. ನಮ್ಮ ಲೈಸೆನ್ಸ್ ಇನ್ನೂ ರಿನ್ಯೂ ಆಗಿರಲಿಲ್ಲ. ಹೋಟೆಲ್ ಮಾಲೀಕರ ಸಂಘದ ಸೆಕ್ರೆಟರಿ ಹೆಬ್ಬಾರರು ಒಂದು ಮಧ್ಯಾಹ್ನ ನೇರವಾಗಿ ಒಲೆಯ ಮುಂದಿದ್ದ ಅಪ್ಪನ ಬಳಿಗೇ ಬಂದರು.

"ನಮ್ಮ ಕ್ಯಾಂಡಿಡೇಟಿಗೆ ಎಲ್ಲರೂ ಏನಾದರೂ ಕೊಟ್ಟಾಯ್ತು ಭಟ್ರೇ. ನೀವು ಪೋಸ್ಟರಿಗೆ ಒಂದು ಕೊಪ್ಪರಿಗೆ ಅಂಟು ಬೇಯಿಸಿ ಕೊಡಿ, ಸಾಕು."

"ಹಸಿದು ಬಂದ್ರೆ ಯಾವ ಪಾರ್ಟಿಯವರಿಗಾದ್ರೂ ಬಡಿಸ್ತೇನೆ ಮಾರಾಯ್ರೆ. ಇದೆಲ್ಲ ನನಗೆ ಬೇಡ," ಎಂದರು ಅಪ್ಪ.

"ಹಾಗಾದ್ರೆ ನಾಳೆ ಇನ್‌ಸ್ಪೆಕ್ಟರಿಗೆ ಇಲ್ಲಿ ಜಿರಲೆ ಸಿಗ್ತದೆ."

"ನಮ್ಮಲ್ಲಿ ಜಿರಲೆ ಇಲ್ಲ."

"ಅವನೇ ತರ್ತಾನೆ."

ಅಪ್ಪನ ಕಿವಿ ಕೆಂಪಾಯಿತು. ಕಾನ್ವೆಂಟಿನ ಸಿವಿಕ್ಸ್ ಪಾಠ ತಲೆಯಲ್ಲಿದ್ದ ನಾನು, "ಬಟ್ ಅಂಕಲ್, ವೋಟು ಸೀಕ್ರೆಟ್ ಅಲ್ವಾ?" ಎಂದೆ.

ಹೆಬ್ಬಾರರು ನಕ್ಕರು. "ವೋಟು ಸೀಕ್ರೆಟ್ ಮಗೂ. ಅಡುಗೆಮನೆ ಅಲ್ಲ."

ಅಪ್ಪ ಕೊಪ್ಪರಿಗೆ ಇಟ್ಟರು. ಅಡುಗೆಯವರ ಕೈಗೆ ಸೌಟು ಕೊಡದೆ ತಾವೇ ಕಲಕಿದರು. ನನ್ನ ಕಡೆ ನೋಡಲಿಲ್ಲ. ಅಂಟು ಹಿಂಬಾಗಿಲಿನಿಂದ ಹೊರಗೆ ಹೋದ ಮೇಲೆ, ಬೆಳಿಗ್ಗೆಯೇ ಮಿಂದು ಮಡಿಯುಟ್ಟಿದ್ದ ಅಪ್ಪ, ಸಂಜೆಯ ಇಡ್ಲಿ ಹಿಟ್ಟು ಮುಟ್ಟುವ ಮೊದಲು ನಲ್ಲಿಯ ಕೆಳಗೆ ಕುಳಿತು ಮತ್ತೊಮ್ಮೆ ತಲೆಗೆ ನೀರು ಸುರಿದುಕೊಂಡರು. ಅಮ್ಮ ಒಣಗಿದ ಪಂಚೆ ಹಿಡಿದು ನಿಂತಳು.