ಮಾವ ಕಟ್ಟಿದ ಇಂಕಾ ಗೋಡೆ

ಬೂದಿನೀರಲ್ಲಿ ಬೆಂದ ಮೆಕ್ಕೆಜೋಳದ ಸಿಪ್ಪೆಯನ್ನು ಬಾಸಿಲಿಯಾ ಅಂಗಳದ ನಲ್ಲಿಯ ಕೆಳಗೆ ಉಜ್ಜಿ ತೆಗೆಯುತ್ತಿದ್ದಾಗ ಓಣಿಯಿಂದ ಮೈದುನ ವಿಲ್ಬರ್ಟ್‌ನ ದನಿ ಕೇಳಿಸಿತು.

"ಐನೂರು ವರ್ಷ! ಐನೂರು ವರ್ಷದಿಂದ ಇಂಕಾ ಚಕ್ರವರ್ತಿಯ ಈ ಗೋಡೆ ಕೂದಲೆಳೆಯಷ್ಟೂ ಅಲುಗಿಲ್ಲ. ಅಂಗೈ ಇಡಿ, ಕಣ್ಣು ಮುಚ್ಚಿ. ಶಕ್ತಿ ಹರಿಯೋದು ಗೊತ್ತಾಗುತ್ತೆ."

ಲಿಮಾದಿಂದ ಬಂದ ಹನ್ನೊಂದು ಪ್ರವಾಸಿಗರು ಅಂಗೈ ಇಟ್ಟರು. ಅವರು ಮುಟ್ಟಿದ್ದು ಬಾಸಿಲಿಯಾಳ ಮನೆಯ ಹೊರಗೋಡೆ. ಅವರ ಊರು ಕುಸ್ಕೋದಲ್ಲಿ ದೊಡ್ಡ ಭೂಕಂಪವಾದ ನಂತರ ಅವಳ ಮಾವ ಅದನ್ನು ನಾಲ್ಕು ಭಾನುವಾರಗಳಲ್ಲಿ, ಭಾನುವಾರಕ್ಕೊಂದು ಮಡಕೆ ಜೋಳದ ಹೆಂಡ ಮುಗಿಸುತ್ತ ಕಟ್ಟಿದ್ದ. ನಾಲ್ಕನೆಯ ಭಾನುವಾರಕ್ಕೆ ಮಾವನೂ ವಾಲಿದ್ದ, ಗೋಡೆಯೂ ವಾಲಿತ್ತು. ಈಗ ಗೈಡ್ ಆಗಿರುವ ಮಗ ವಿಲ್ಬರ್ಟ್ ಆ ವಾಲಿದ ಮೂಲೆಯನ್ನೇ ಭೂಕಂಪ ತಡೆಯುವ ಇಂಕಾ ಜಾಣ್ಮೆ ಎಂದು ದಿನಾ ತೋರಿಸುತ್ತಿದ್ದ.

"ಅಮ್ಮಾ, ಒಂದು ಕೇಳಲಾ?" ಆರು ವರ್ಷದ ಮಿಕಾಯ್ಲಾ ಅಮ್ಮನ ಲಂಗ ಎಳೆದಳು.

"ಆಮೇಲೆ ಕೇಳು ಚಿನ್ನ. ಕೈ ತುಂಬ ಸಿಪ್ಪೆ."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ತಲೆಗೆ ಹೆಲ್ಮೆಟ್ಟು, ಕಂಕುಳಲ್ಲಿ ಫೈಲು. ಪ್ರಾಚೀನ ಕಟ್ಟಡಗಳ ಕಚೇರಿಯಿಂದ ಬಂದ ಹುಡುಗಿ. ಅವಳ ಹಿಂದೆ ಬಿಳಿಚಿಕೊಂಡ ವಿಲ್ಬರ್ಟ್, ಅವನ ಹಿಂದೆ ಕುತೂಹಲ ತಡೆಯಲಾರದ ಹನ್ನೊಂದು ಜನ.

"ಯಾರೋ ಈ ಗೋಡೆ ಫೋಟೋನ ಇಂಟರ್ನೆಟ್ಟಿಗೆ ಹಾಕಿದಾರೆ, ಇಂಕಾ ಗೋಡೆ ಅಂತ," ಎಂದಳು ಹುಡುಗಿ. "ನಮ್ಮ ಪಟ್ಟೀಲಿ ಇಲ್ವೇ ಇಲ್ಲ. ನಿಜ ಆದ್ರೆ ಮನೆಯೆಲ್ಲ ಅಗೆದು ನೋಡ್ಬೇಕಾಗುತ್ತೆ ಅಮ್ಮ. ಅಡುಗೆಮನೆಯಿಂದಲೇ ಶುರು."

ಬಾಸಿಲಿಯಾಳ ಕೈ ಜೋಳದೊಳಗೇ ನಿಂತಿತು. ಹೋದ ತಿಂಗಳು ಗಂಡ ಬಚ್ಚಲ ನೀರಿಗೆ ದಾರಿ ಮಾಡಲು ಅಡುಗೆಮನೆ ಅಗೆದಾಗ, ಮಂಡಿಯಾಳದಲ್ಲಿ ಹಾರೆ ಠಣ್ ಎಂದಿತ್ತು. ಅಸಲಿ ಇಂಕಾ ಕಲ್ಲಿನ ಒಂದು ಸಾಲು. ನಡುವೆ ಸೂಜಿಯೂ ತೂರದು. ಬೇರೆ ಊರಿನವರಾಗಿದ್ದರೆ ಕುಣಿಯುತ್ತಿದ್ದರು. ಕುಸ್ಕೋದವನಾದ ಅವಳ ಗಂಡ ಶಿಲುಬೆ ಗುರುತು ಹಾಕಿಕೊಂಡು ಬೇಗಬೇಗ ಮಣ್ಣು ಎಳೆದು ಮುಚ್ಚಿದ್ದ. ಪಕ್ಕದ ಮನೆ ಎರ್ಮೆಲಿಂದಾಳ ಹಿತ್ತಲ ಅಡುಗೆಮನೆಯಲ್ಲಿ ಇಂಥದೇ ಒಂದು ಕಲ್ಲಿನ ಮೂಲೆ ಕಂಡದ್ದಷ್ಟೇ, ಸುತ್ತ ಪಟ್ಟಿ ಕಟ್ಟಿ ನೀಲಿ ಟಾರ್ಪಾಲು ಹೊದಿಸಿ ಹೋದ ಕಚೇರಿಯವರು ಮೂರು ವರ್ಷವಾದರೂ ತಿರುಗಿ ಬಂದಿಲ್ಲ. ಎರ್ಮೆಲಿಂದಾ ಇವತ್ತಿಗೂ ತಂಗಿಯ ಮನೆಯಲ್ಲಿ ಒಲೆ ಹಚ್ಚುತ್ತಾಳೆ. ಹಾಗಾಗಿ ಮುಚ್ಚಿದ ಮಣ್ಣಿನ ಮೇಲೆ ಮನೆಯಲ್ಲಿ ಸಾಕಿದ ಗಿನಿಪಿಗ್‌ಗಳ ಗೂಡನ್ನು ಎಳೆದಿಟ್ಟು, ಯಾರಿಗೂ ಹೇಳಬಾರದೆಂದು ಮಗಳಿಗೆ ದಿನಕ್ಕೆರಡು ಸಲ ಹೇಳಿಕೊಟ್ಟಿದ್ದರು.

"ಇಂಕಾನೂ ಇಲ್ಲ, ಗಿಂಕಾನೂ ಇಲ್ಲ ಇಂಜಿನಿಯರಮ್ಮ!" ಬಾಸಿಲಿಯಾ ಎದ್ದು ನಿಂತಳು. "ನಮ್ಮ ಮಾವ ಕಟ್ಟಿದ್ದು. ಕುಡಿದು ಕಟ್ಟಿದ್ದು. ಹೇಗೆ ವಾಲಿದೆ ನೋಡಿ."

"ಅತ್ತಿಗೆ, ಜನ ನೋಡ್ತಿದಾರೆ!" ವಿಲ್ಬರ್ಟ್ ಹಲ್ಲು ಕಚ್ಚಿದ. "ನನ್ನ ಮರ್ಯಾದೆ ತೆಗೀಬೇಡಿ."

"ನಿಮ್ಮಪ್ಪನ ಮರ್ಯಾದೆ ಉಳಿಸ್ತಿದೀನಿ ಕಣೋ. ಪಾಪ, ಜೀವಮಾನದಲ್ಲಿ ಕಟ್ಟಿದ್ದೇ ಒಂದು ಗೋಡೆ. ಅದನ್ನೂ ಚಕ್ರವರ್ತಿಗೆ ಬರೆದುಕೊಟ್ಟಿದೀಯಲ್ಲ!"

"ಆ ವಾಲಿರೋದು ಭೂಕಂಪಕ್ಕೆ ಅಂತ..."

"ಹೆಂಡಕ್ಕೆ."

ಪ್ರವಾಸಿಗರಲ್ಲಿ ಒಬ್ಬ ಹೆಂಗಸು ಅಂಗೈ ನೋಡಿಕೊಂಡಳು. "ಆದ್ರೆ ನನ್ನ ಮಂಡಿನೋವು ಈಗ ತಾನೆ ಹೋಯ್ತಲ್ಲ?"

"ಹೋಗಿದ್ರೆ ನಮ್ಮ ಮಾವನ ಹೆಸರಲ್ಲಿ ಒಂದು ಮೇಣದಬತ್ತಿ ಹಚ್ಚಿ ತಾಯಿ."

"ಅಮ್ಮಾ, ಈಗ ಕೇಳಲಾ?"

"ಆಮೇಲೆ ಬಂಗಾರ."

ಬಾಸಿಲಿಯಾ ಎಲ್ಲರನ್ನೂ ಓಣಿಗೆ ಕರೆದೊಯ್ದು ಮೂರನೆಯ ಸಾಲನ್ನು ತೋರಿಸಿದಳು. ಎರಡು ಕಲ್ಲುಗಳ ನಡುವೆ ಉಳಿದ ಸಂದಿಗೆ ಮಾವ ತುರುಕಿದ್ದ ಬಿಯರ್ ಬಾಟಲಿಯ ತಳ ಬಿಸಿಲಿಗೆ ಹಸಿರಾಗಿ ಹೊಳೆಯುತ್ತಿತ್ತು. ಕಚೇರಿಯ ಹುಡುಗಿ ಚಾಕುವಿನಿಂದ ಕೆರೆದಳು. ಸಿಮೆಂಟು ಪುಡಿಪುಡಿಯಾಗಿ ಉದುರಿತು. ಅವಳಿಗೆ ನಗು ತಡೆಯಲಾಗಲಿಲ್ಲ. ಪ್ರವಾಸಿಗರು ಬಿಯರ್ ಬಾಟಲಿಯ ಫೋಟೋ ತೆಗೆದುಕೊಳ್ಳತೊಡಗಿದರು; ವಿಲ್ಬರ್ಟ್ ಟೋಪಿಯನ್ನು ಹುಬ್ಬಿನವರೆಗೆ ಇಳಿಸಿಕೊಂಡ.

ಮತ್ತೆ ಅಂಗಳಕ್ಕೆ ಬಂದು ಹುಡುಗಿ ಕಾಗದದ ಮೇಲೆ ಬರೆದು, ಓದಿ ಹೇಳಿದಳು: "ಈ ಮನೆಯಲ್ಲಿ ಇಂಕಾ ಕಾಲದ್ದು ಏನೂ ಇಲ್ಲ."

ಬಾಸಿಲಿಯಾಳಿಗೆ ತಿಂಗಳಿಂದ ಎದೆಯ ಮೇಲಿದ್ದ ಭಾರ ಇಳಿದಂತಾಯಿತು. ಸುಮ್ಮನೆ ಕಳಿಸಿಬಿಡಬಹುದಿತ್ತು. ಆದರೆ ಬಿಸಿಲಲ್ಲಿ ಏರು ಹತ್ತಿ ಬಂದ ಹುಡುಗಿ, ಯಾರದೋ ಮಗಳು, ಬರಿಬಾಯಲ್ಲಿ ಹೇಗೆ ಹೋಗುವುದು? ಒಂದು ಲೋಟ ಹೆಂಡ ತಂದುಕೊಟ್ಟಳು. "ನಮ್ಮ ಮಾವನ ಹೆಸರಲ್ಲಿ ಒಂದು ಗುಟುಕು ಕುಡಿದು ಸಹಿ ಹಾಕವ್ವ."

ಹುಡುಗಿ ಊರಿನ ವಾಡಿಕೆಯಂತೆ ಎರಡು ಹನಿ ಭೂತಾಯಿಗೆ ಚೆಲ್ಲಿ, ಕಟ್ಟೆಯ ಮೇಲೆ ಕೂತು, ಪೆನ್ನಿನ ಮುಚ್ಚಳ ತೆಗೆದಳು.

ಆಗ ಬಾಸಿಲಿಯಾಳಿಗೆ ಮಗಳ ನೆನಪಾಯಿತು. ಬೆಳಗಿನಿಂದ ಅದೆಷ್ಟು ಸಲ 'ಆಮೇಲೆ' ಅಂದಿದ್ದಳೋ. ಕೂಸು ಅಳಲಿಲ್ಲ, ಹಟ ಮಾಡಲಿಲ್ಲ, ಲಂಗ ಹಿಡಿದುಕೊಂಡೇ ನಿಂತಿದೆ. ಅವಳು ಕೈ ಒರೆಸಿಕೊಂಡು, ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಹಣೆಯ ಮೇಲಿನ ಕೂದಲು ಸರಿಸಿದಳು.

"ಎಷ್ಟು ಹೊತ್ತಿಂದ ಕಾಯ್ತಿದೀಯ ನನ್ನ ಕಂದ. ಈಗ ಕೇಳು. ಏನು ಬೇಕಾದ್ರೂ ಕೇಳು."

ಮಿಕಾಯ್ಲಾ ಓಣಿಯ ಗೋಡೆಯತ್ತ ನೋಡಿದಳು. ಆಮೇಲೆ ಅಡುಗೆಮನೆಯ ಬಾಗಿಲತ್ತ.

"ಆ ಗೋಡೆ ನಮ್ಮ ತಾತ ಕಟ್ಟಿದ್ದು ಅಂದ್ಯಲ್ಲ ಅಮ್ಮಾ... ಗಿನಿಪಿಗ್ ಗೂಡಿನ ಕೆಳಗೆ ಮುಚ್ಚಿಟ್ಟಿದೀವಲ್ಲ, ಅದನ್ನ ಯಾವ ತಾತ ಕಟ್ಟಿದ್ದು?"